ಬೇಕಲೈಟೋ, ಬೇರೆ ಪ್ಲಾಸ್ಟಿಕ್ಕೋ? ಹಳೆಯ ರೇಡಿಯೋ ಡಬ್ಬಿಯ ದೋಷ ನೋಡಿ ಗುರುತು ಹಿಡಿಯುವ ಬಗೆ

ನಮ್ಮ ಬೆಳಗಾವಿ ಕಡೆ ಹಳೆಯ ರೇಡಿಯೋ ಮರದ್ದಲ್ಲ ಅಂದರೆ ಮುಗಿಯಿತು, ಅದು ಬೇಕಲೈಟ್, ಅಂದರೆ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್. ಮಾರುವವರೂ ಹಾಗೇ ಅನ್ನುತ್ತಾರೆ, ಕೊಳ್ಳುವವರೂ ಹಾಗೇ ನಂಬುತ್ತಾರೆ. ನಾನೂ ನಂಬಿದ್ದೆ. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಗುಜರಿ ಅಂಗಡಿಯಿಂದ ಕೆನೆ ಬಣ್ಣದ ಸೆಟ್ ತಂದೆ. ಅಂಗಡಿಯ ಕಾಕಾ, "ತಮ್ಮಾ, ಬೇಕಲೈಟ್ ಐತಿ ಇದು. ಏನ್ ಹಾಕಿ ತಿಕ್ಕಿದರೂ ಏನೂ ಆಗಂಗಿಲ್ಲ" ಅಂದಿದ್ದರು. ಮನೆಗೆ ಬಂದವನೇ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ತಿಕ್ಕಿದೆ. ಎರಡೇ ನಿಮಿಷ. ಮೈ ಅಂಟಂಟಾಯಿತು, ಹೊಳಪು ಹೋಯಿತು, ನನ್ನ ಹೆಬ್ಬೆರಳಿನ ಅಚ್ಚು ಅದರ ಮೇಲೆ ಕೂತಿತು. ಈಗಲೂ ಕೂತಿದೆ. ಅದು ಪಾಲಿಸ್ಟೈರಿನ್ ಅನ್ನುವ ಬೇರೆಯೇ ಪ್ಲಾಸ್ಟಿಕ್ ಆಗಿತ್ತು.

ಆಮೇಲೆ ನನ್ನ ಕೈಗೆ ಬಂದ ಸೆಟ್‌ಗಳಲ್ಲೂ ಇದೇ ಕಥೆ. ವಯಸ್ಸಿನಿಂದ ಹಾಳಾದ ಡಬ್ಬಿ ಕಡಿಮೆ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಸಿಕ್ಕಿದ್ದನ್ನು ಹಾಕಿ ತಿಕ್ಕಿದ್ದರಿಂದ ಹಾಳಾದದ್ದೇ ಜಾಸ್ತಿ. ಯಾವ ಪ್ಲಾಸ್ಟಿಕ್ ಅಂತ ಗೊತ್ತಾದ ಮೇಲೆ ಬಟ್ಟೆ ಕೈಗೆ ತೆಗೆದುಕೊಳ್ಳಿ.

ಎರಡು ಜಾತಿ ನೆನಪಿರಲಿ. ಒಂದು ಜೋಳದ ರೊಟ್ಟಿ ಇದ್ದ ಹಾಗೆ. ಒಮ್ಮೆ ಬೆಂದರೆ ಮತ್ತೆ ಹಿಟ್ಟಾಗುವುದಿಲ್ಲ. ಜಾಸ್ತಿ ಕಾಯಿಸಿದರೆ ಸೀಯುತ್ತದೆ, ಕರಗುವುದಿಲ್ಲ. ಬೇಕಲೈಟ್, ಕ್ಯಾಟಲಿನ್, ಯೂರಿಯಾ ಪ್ಲಾಸ್ಟಿಕ್ ಇವೆಲ್ಲ ರೊಟ್ಟಿ ಜಾತಿ. ಇನ್ನೊಂದು ಮಹಾಲಿಂಗಪುರದ ಬೆಲ್ಲ ಇದ್ದ ಹಾಗೆ. ಕಾಯಿಸಿದರೆ ಮೆತ್ತಗಾಗುತ್ತದೆ, ಆರಿದರೆ ಮತ್ತೆ ಗಟ್ಟಿ. ಪಾಲಿಸ್ಟೈರಿನ್, ಅಸಿಟೇಟ್, ಸೆಲ್ಯುಲಾಯ್ಡ್, ಅಕ್ರಿಲಿಕ್ ಇವು ಬೆಲ್ಲದ ಜಾತಿ.

ಮುಟ್ಟುವ ಮೊದಲು

ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ವಾಲ್ವ್ ರೇಡಿಯೋಗಳಲ್ಲಿ (ಒಳಗೆ ಬಿಸಿಯಾಗಿ ಉರಿಯುವ ಗಾಜಿನ ಕೊಳವೆಗಳಿರುವ ಹಳೆಯ ರೇಡಿಯೋ) ಎಸಿ-ಡಿಸಿ ಸೆಟ್ ಅಂತ ಬರುತ್ತಿದ್ದವು. ಅವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕರೆಂಟಿನ ಒಂದು ತಂತಿ ಚಾಸಿಗೇ, ಅಂದರೆ ಒಳಗಿನ ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಗೇ ಸೇರಿರುತ್ತದೆ. ಪ್ಲಗ್ ಉಲ್ಟಾ ಆದರೆ ಚಾಸಿಯಲ್ಲಿ ಪೂರ್ತಿ 230 ವೋಲ್ಟ್. ನಾಬ್ ಬಿಗಿಯುವ ಸಣ್ಣ ಸ್ಕ್ರೂ ಇದೆಯಲ್ಲ, ಅದರಲ್ಲೂ ಅಷ್ಟೇ. ಅಂಥ ಸೆಟ್‌ನಲ್ಲಿ ನಿಮ್ಮನ್ನು ಕರೆಂಟಿನಿಂದ ದೂರ ಇಡುವುದು ಈ ಡಬ್ಬಿ ಮತ್ತು ನಾಬ್ ಮಾತ್ರ. ಹಾಗಾಗಿ ಡಬ್ಬಿ ಒಡೆದಿದ್ದರೆ, ನಾಬ್ ಬಿದ್ದುಹೋಗಿದ್ದರೆ ಸೆಟ್ ಹಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಚಾಸಿಯ ಕೆಳಭಾಗಕ್ಕೆ ಬೆರಳು ಹಾಕಬೇಡಿ, ಕರೆಂಟ್ ಕೂಡಿಟ್ಟುಕೊಳ್ಳುವ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದಿರಬಹುದು.

ಇನ್ನೊಂದು. ಸೂಜಿ ಕಾಯಿಸಿ ಚುಚ್ಚಿ ನೋಡುವುದು, ಮೂಲೆಗೆ ಕಡ್ಡಿ ಗೀರಿ ನೋಡುವುದು ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ಮರೆತುಬಿಡಿ. ಹಳೆಯ ಸೆಲ್ಯುಲಾಯ್ಡ್ ಬೆಂಕಿ ತಗುಲಿದರೆ ಭಗ್ಗನೆ ಹೊತ್ತುತ್ತದೆ.

ಕಾಸು ಖರ್ಚಿಲ್ಲದ ನೋಟ

ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು ಡಬ್ಬಿಯ ಒಳಮೈ ನೋಡಿ. ಹೊರಗಿಗಿಂತ ಒಳಗೇ ನಿಜ ಹೇಳುತ್ತದೆ. ಒಳಮೈಗೆ ಬಿಸಿಲು ತಾಕಿಲ್ಲ, ಪಾಲಿಶ್ ತಾಕಿಲ್ಲ, ಯಾರೂ ಬಣ್ಣ ಹಚ್ಚಿಲ್ಲ.

ಗೋಡೆ ದಪ್ಪಗಿದ್ದು, ಬಣ್ಣ ಕಡುಗಂದು ಅಥವಾ ಕಪ್ಪಾಗಿದ್ದರೆ ಬೇಕಲೈಟ್ ಇರುವ ಸಾಧ್ಯತೆ ಜಾಸ್ತಿ. ಪುಡಿಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುತ್ತಿದ್ದ ಮಾಲು ಅದು. ಗೋಡೆ ತೆಳ್ಳಗಿದ್ದು, ಒಳಗೆ ಅಲ್ಲಲ್ಲಿ ಕಾಸಿನ ಹಾಗೆ ದುಂಡು ಗುರುತುಗಳಿದ್ದು, ಒಂದು ಕಡೆ ಚಿಗುರು ಮುರಿದಂಥ ಸಣ್ಣ ಗುಬುಟು ಇದ್ದರೆ, ಅದು ಕರಗಿಸಿ ಅಚ್ಚಿಗೆ ತುಂಬಿದ್ದು. ಬೆಲ್ಲದ ಜಾತಿ.

ಈಗ ಬೆರಳ ಗೆಣ್ಣಿನಿಂದ ತಟ್ಟಿ. ಬೇಕಲೈಟ್ ಸದ್ದು ಗಟ್ಟಿ, ಮಂದ, 'ಟೊಕ್' ಅನ್ನುತ್ತದೆ. ಪಾಲಿಸ್ಟೈರಿನ್ ಸದ್ದು ಚೂಪು, ತಗಡಿನ ಹತ್ತಿರದ್ದು. ಒಂದೇ ಡಬ್ಬಿ ತಟ್ಟಿದರೆ ತಿಳಿಯದು. ಖಾತ್ರಿಯಾಗಿ ಗೊತ್ತಿರುವ ಹಳೆಯ ಕಪ್ಪು ಸ್ವಿಚ್ಚೋ ಹೋಲ್ಡರೋ ಪಕ್ಕಕ್ಕಿಟ್ಟು ಹೋಲಿಸಿ.

ಕೊನೆಗೆ ಮೂಗು. ಒಳಮೈಯನ್ನು ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಜೋರಾಗಿ ಉಜ್ಜಿ, ತಕ್ಷಣ ಮೂಸಿ. ನಾಬ್ ಆದರೆ ಬಿಚ್ಚಿ, ಅರ್ಧ ನಿಮಿಷ ಬಿಸಿನೀರಿಗೆ ಹಿಡಿದು ಮೂಸಿದರೆ ಇನ್ನೂ ಸುಲಭ. (ಕಪ್ಪು ನಾಬ್ ಹಸಿರು ತಿರುಗಿದ್ದರೆ ಬಿಸಿನೀರು ಬೇಡ, ಬಿಳಿ ನಾಬ್ ಆದರೆ ಒಂದು ಮೂಲೆ ಮಾತ್ರ ತಾಕಿಸಿ, ಕಾರಣ ಮುಂದಿದೆ.) ಹಳೆಯ ಕೆಂಪು ಲೈಫ್‌ಬಾಯ್ ಸಾಬೂನು ನೆನಪಿದೆ ಅಲ್ವಾ? ಆ ಕಾರ್ಬಾಲಿಕ್ ವಾಸನೆ ಬಂದರೆ ಬೇಕಲೈಟ್ ಅಥವಾ ಕ್ಯಾಟಲಿನ್. ಎರಡೂ ಫೀನಾಲ್‌ನಿಂದಲೇ ಆದವು. ಮೂಸುವ ಮೊದಲು ಕೈ ತೊಳೆಯಿರಿ. ಒಮ್ಮೆ ನಾನು ಪೂಜೆ ಮುಗಿಸಿ ಬಂದು ಮೂಸಿ, ಎಲ್ಲದರಲ್ಲೂ ಕರ್ಪೂರ ಕಂಡಿದ್ದೆ.

ಕಂದು ಅಥವಾ ಕಪ್ಪು ಡಬ್ಬಿ ಮಂಕಾಗಿದೆ, ಒರೆಸಿದರೂ ಹೊಳೆಯುತ್ತಿಲ್ಲ

ನಿಜವಾದ ಬೇಕಲೈಟಿನಲ್ಲಿ ಕಾಣುವ ದೋಷ ಇದೇ. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಇದನ್ನು ಮಾಡಿದ. ಬರೀ ರಾಳ ಪೆಡಸು. ಅದಕ್ಕೇ ಬಲಕ್ಕೆಂದು ಮರದ ಪುಡಿ ಬೆರೆಸುತ್ತಿದ್ದರು. ಅಚ್ಚಿನಿಂದ ಬಂದಾಗ ಮೇಲೆ ರಾಳದ ಒಂದು ತೆಳು ಹೊಳೆಯುವ ಚರ್ಮ ಇರುತ್ತದೆ. ಬಿಸಿಲು ಆ ಚರ್ಮವನ್ನು ತಿನ್ನುತ್ತದೆ, ಒಳಗಿನ ಮರದ ಪುಡಿ ಹೊರಗೆ ಇಣುಕುತ್ತದೆ. ನೀವು ನೋಡುತ್ತಿರುವ ಮಂಕು ಅದೇ. ಕಿಟಕಿ ಕಡೆಗಿದ್ದ ಮಗ್ಗುಲು ಮಾತ್ರ ಮಂಕಾಗಿದೆಯೇ ನೋಡಿ. ವಿಜಯಪುರದಿಂದ ಬರುವ ಸೆಟ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಒಂದು ಮಗ್ಗುಲು ಕನ್ನಡಿ, ಇನ್ನೊಂದು ಮಗ್ಗುಲು ಇಟ್ಟಿಗೆ.

ಮೊದಲು ಒದ್ದೆ ಬಟ್ಟೆ, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಒರೆಸಿ ತಕ್ಷಣ ಒಣಗಿಸಿ. ಟಬ್ಬಿನಲ್ಲಿ ಮುಳುಗಿಸಬೇಡಿ, ಬಾಯಿ ತೆರೆದ ಮರದ ಪುಡಿ ನೀರು ಕುಡಿಯುತ್ತದೆ. ಆಮೇಲೆ ಅರಳೆಗೆ ಚೂರು ಬ್ರಾಸೋ (ಹಿತ್ತಾಳೆಗೆ ಹಚ್ಚುವ ಪಾಲಿಶ್) ಹಚ್ಚಿ, ಹಿಂಭಾಗದಲ್ಲಿ ಕಾಣದ ಕಡೆ ಉಜ್ಜಿ. ಅರಳೆ ಹಳದಿ ಅಥವಾ ಕಂದುಹಳದಿಯಾದರೆ ಫೀನಾಲ್ ಮಾಲು ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಅಪ್ಪಟ ಕಪ್ಪು ಬೇಕಲೈಟ್ ಕೆಲವೊಮ್ಮೆ ಹಳದಿ ಬಿಡುವುದಿಲ್ಲ. ಬರಲಿಲ್ಲ ಅಂತ ತಳ್ಳಿಹಾಕಬೇಡಿ, ವಾಸನೆಯ ಮಾತು ಕೇಳಿ.

ಮೇಲಿನ ಕೊಳೆಯಷ್ಟೇ ಆಗಿದ್ದರೆ ಬ್ರಾಸೋದಲ್ಲೇ ಹೊಳಪು ತಿರುಗಿ ಬರುತ್ತದೆ. ಕೈಗೆ ಮರಳಿನಂತೆ ತರಿತರಿ ಅನಿಸಿದರೆ ಚರ್ಮ ಹೋಗಿದೆ ಅಂತ ಅರ್ಥ, ಅದು ಮರಳಿ ಬರುವುದಿಲ್ಲ. ಮೇಣದ ಪಾಲಿಶ್ ಹಚ್ಚಿ ತೃಪ್ತಿಪಡಿ. ಉಪ್ಪುಕಾಗದ ಹಿಡಿದು ಕೂರುವವರಿಗೆ ಒಂದು ಮಾತು: ಕೆಲವು ಹಳೆಯ ಬೇಕಲೈಟ್ ಮಾಲಿನಲ್ಲಿ ಶಾಖ ತಡೆಯಲೆಂದು ಆಸ್ಬೆಸ್ಟಾಸ್ ಬೆರೆಸುತ್ತಿದ್ದರು. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ, ಡ್ರಿಲ್ ಹಾಕಬೇಡಿ.

ಬಿಳಿ ಅಥವಾ ಕೆನೆ ಡಬ್ಬಿ: ಗೆರೆ, ಚಕ್ಕೆ, ಹಳದಿ

ಎಲ್ಲರೂ ಎಡವುವುದು ಇಲ್ಲೇ. ಕೆನೆ ಬಣ್ಣದ ಡಬ್ಬಿಯೊಳಗೆ ಮೂರು ಬೇರೆ ಬೇರೆ ಮಾಲು ಇರಬಹುದು.

ಬಣ್ಣ ಚಕ್ಕೆ ಎದ್ದಿದೆ, ಕೆಳಗೆ ಕಂದು ಕಾಣುತ್ತದೆ. ಇದು ಬಣ್ಣ ಹಚ್ಚಿದ ಬೇಕಲೈಟ್. ಬೇಕಲೈಟ್ ಮಾಲೇ ಕಡುಬಣ್ಣದ್ದು, ಅದರಲ್ಲಿ ಅಚ್ಚ ಬಿಳಿ ಬರುವುದಿಲ್ಲ. ಅದಕ್ಕೇ ಕಂದು ಡಬ್ಬಿಗೆ ಕಾರ್ಖಾನೆಯಲ್ಲೇ ಕೆನೆ ಬಣ್ಣ ಹೊಡೆದು ಮಾರುತ್ತಿದ್ದರು. ಒಳಗೆ ಇಣುಕಿದರೆ ಒಂದೇ ಕ್ಷಣದಲ್ಲಿ ತೀರ್ಮಾನ. ಆ ಬಣ್ಣ ಮೂಲದ್ದೇ ಆಗಿದ್ದರೆ ಥಿನ್ನರ್ ಹಾಕಿ ತೆಗೆಯಬೇಡಿ ಅನ್ನುವುದು ನನ್ನ ಮಾತು. ಕಂದು ಚೆಂದ ಅಂತ ಕೆರೆದವರು ಆಮೇಲೆ ಕೈ ಹಿಸುಕಿಕೊಂಡದ್ದನ್ನು ನೋಡಿದ್ದೇನೆ.

ಒಳಗೂ ಹೊರಗೂ ಒಂದೇ ಬಿಳಿ, ಮೈಮೇಲೆ ಕೂದಲೆಳೆಯಂಥ ಗೆರೆಗಳು. ಜೇಡರ ಬಲೆಯ ಹಾಗೆ ಹರಡಿರುತ್ತವೆ, ಒಳಗೆ ಕೊಳೆ ಕೂತು ಕಪ್ಪಾಗಿರುತ್ತವೆ. ಇದು ಯೂರಿಯಾ ಫಾರ್ಮಾಲ್ಡಿಹೈಡ್. ಅಮೆರಿಕದಲ್ಲಿ ಪ್ಲಾಸ್ಕನ್, ಬೀಟಲ್ ಅನ್ನುವ ಹೆಸರಲ್ಲಿ ಬರುತ್ತಿತ್ತು. ತಿಳಿ ಬಣ್ಣ ಬೇಕು ಅನ್ನುವವರಿಗೆ 1930ರ ದಶಕದಲ್ಲಿ ಸಿಕ್ಕ ಉತ್ತರ ಇದು. ರೊಟ್ಟಿ ಜಾತಿಯದ್ದೇ, ಆದರೆ ನೀರಿನ ಆಸೆ ಜಾಸ್ತಿ. ಮಳೆಗಾಲದಲ್ಲಿ ನೀರಾವಿ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಈ ಎಳೆದಾಟಕ್ಕೆ ಮೈ ಬಿರಿಯುತ್ತದೆ. ಬೆಳಗಾವಿಯ ಜುಲೈ ಮಳೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಸಿನೀರು ತಾಕಿದಾಗ ಫಾರ್ಮಲಿನ್ ಅಥವಾ ಗಂಜಲದಂಥ ವಾಸನೆ ಬಂದರೆ ಇದೇ. ಪರೀಕ್ಷೆಗೆ ನಾಬಿನ ಒಂದು ಮೂಲೆ ಸಾಕು, ಬಿಸಿನೀರು ಇದರ ಹೊಳಪು ತಿನ್ನುತ್ತದೆ. ಗೆರೆಗಳು ಹೋಗುವುದಿಲ್ಲ. ಉಗುರಿಗೆ ಸಿಗದಷ್ಟು ಸಣ್ಣವಾದರೆ ಬಿಟ್ಟುಬಿಡಿ. ಉಗುರು ಸಿಕ್ಕಿಕೊಂಡರೆ ಅದು ನಿಜವಾದ ಬಿರುಕು. ಒತ್ತಡ ಕೊಡಬೇಡಿ, ಸ್ಕ್ರೂ ಬಿಗಿ ಮಾಡಬೇಡಿ.

ಹಗುರ, ತೆಳು ಗೋಡೆ, ತಗಡಿನ ಸದ್ದು. ಮೂಲೆಗಳಲ್ಲಿ ಗಾಜು ಒಡೆದಂಥ ಬಿರುಕು. ಇದು ಪಾಲಿಸ್ಟೈರಿನ್, 1950ರ ದಶಕದಿಂದ ಈಚಿನ ಸೆಟ್‌ಗಳಲ್ಲಿ ಮಾಮೂಲು. ಪೆಟ್ರೋಲ್, ಥಿನ್ನರ್, ಟರ್ಪೆಂಟೈನ್, ಉಗುರು ಬಣ್ಣ ತೆಗೆಯುವ ದ್ರವ ಇವೆಲ್ಲ ಇದಕ್ಕೆ ವಿಷ. ಬ್ರಾಸೋದಲ್ಲೂ ಪೆಟ್ರೋಲಿಯಂ ಅಂಶ ಇದೆ, ಇದಕ್ಕೆ ಹಚ್ಚಬೇಡಿ. ಸೋಪು ನೀರು, ಮೆತ್ತನೆ ಬಟ್ಟೆ ಅಷ್ಟೇ. ಗೀರುಗಳಿಗೆ ಬಿಳಿ ಟೂತ್‌ಪೇಸ್ಟ್ ಚೂರು ಹಚ್ಚಿ ನಿಧಾನ ಉಜ್ಜಿದರೆ ಸಾಕು. ಜೋರಾಗಿ ಉಜ್ಜಿದರೆ ಆ ಶಾಖಕ್ಕೇ ಮೈ ಎಳೆಯುತ್ತದೆ.

ವಯರ್ ಸುತ್ತಿಟ್ಟ ಕಡೆ ಡಬ್ಬಿ ಕರಗಿದೆ

ಅಟ್ಟದಿಂದ ಇಳಿಸಿದ ಸೆಟ್. ವಯರನ್ನು ಡಬ್ಬಿಗೇ ಸುತ್ತಿಟ್ಟಿದ್ದಾರೆ. ಬಿಚ್ಚಿದರೆ ಹಾವು ಹರಿದ ಗುರುತಿನಂತೆ ಗೆರೆ. ಇಲಿ ಅಲ್ಲ, ಶಾಖ ಅಲ್ಲ. ಪಿವಿಸಿ ವಯರ್ ಮೆತ್ತಗಿರಲಿ ಅಂತ ಅದರೊಳಗೆ ಎಣ್ಣೆಯಂಥ ಒಂದು ದ್ರವ ಸೇರಿಸಿರುತ್ತಾರೆ. ವರ್ಷಗಟ್ಟಲೆ ತಾಕಿಕೊಂಡಿದ್ದರೆ ಅದು ಜಿನುಗಿ ಪಾಲಿಸ್ಟೈರಿನ್ ಅನ್ನು ಕರಗಿಸುತ್ತದೆ. ಬೇಕಲೈಟಿಗೆ ಏನೂ ಆಗುವುದಿಲ್ಲ. ಅಂದರೆ ಈ ಗುರುತು ಕಂಡರೆ ಬೇರೆ ಪರೀಕ್ಷೆಯೇ ಬೇಡ, ಬೆಲ್ಲದ ಜಾತಿ. ವಯರನ್ನು ಕಿತ್ತೆಳೆಯದೆ ನಿಧಾನ ಬಿಡಿಸಿ. ಇನ್ನು ಮುಂದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ.

ಡಬ್ಬಿಯ ತಲೆ ಕುಸಿದಿದೆ, ಅಥವಾ ಸುಟ್ಟ ಕಲೆ ಇದೆ

ಮೇಲ್ಭಾಗ ಹಪ್ಪಳದಂತೆ ಬಾಗಿದ್ದರೆ ಬೆಲ್ಲದ ಜಾತಿ. ಬಾಗದೆ ಕಂದು ತಿರುಗಿದ್ದರೆ, ಗುಳ್ಳೆ ಎದ್ದಿದ್ದರೆ ರೊಟ್ಟಿ ಜಾತಿ. ಎರಡಕ್ಕೂ ಕಾರಣ ಒಂದೇ, ಕೆಳಗಿರುವ ವಾಲ್ವ್, ಡಯಲ್ ಬಲ್ಬ್ ಅಥವಾ ಎಸಿ-ಡಿಸಿ ಸೆಟ್‌ನ ಡ್ರಾಪರ್ ರೆಸಿಸ್ಟರ್. ಡ್ರಾಪರ್ ಇರುವುದೇ ಹೆಚ್ಚಿನ ವೋಲ್ಟೇಜನ್ನು ಶಾಖ ಮಾಡಿ ಕಳೆಯಲು, ಬಿಸಿಯಾಗುವುದು ಸಹಜ. ಆದರೆ ಬಲ್ಬನ್ನು ಯಾರೋ ಜಾಸ್ತಿ ವ್ಯಾಟಿನದು ಹಾಕಿರಬಹುದು, ಅಥವಾ ಹಿಂದಿನ ಮುಚ್ಚಳದ ಗಾಳಿ ತೂತುಗಳನ್ನು ಗೋಡೆಗೆ ಒತ್ತಿಟ್ಟಿರಬಹುದು. ಕಲೆ ಹೊಸದಾಗಿ ದೊಡ್ಡದಾಗುತ್ತಿದ್ದರೆ ಇದು ಡಬ್ಬಿಯ ದೋಷವೇ ಅಲ್ಲ, ಸರ್ಕ್ಯೂಟಿನ ದೋಷ. ಸೆಟ್ ಆಫ್ ಮಾಡಿ ವಾಲ್ವ್ ರೇಡಿಯೋ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ.

ಬಾಗಿದ್ದನ್ನು ಹೇರ್ ಡ್ರೈಯರ್ ಹಿಡಿದು ಸರಿಮಾಡುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು. ಬಾಗಿದ್ದು ಸುಕ್ಕಾಯಿತು.

ಜಾಲರಿ ಸೊಟ್ಟಗಾಗಿದೆ, ನಾಬ್ ಕುಗ್ಗಿದೆ, ಏನೋ ವಾಸನೆ

ಡಬ್ಬಿ ಗಟ್ಟಿಯಾಗಿದ್ದು, ಮುಂದಿನ ಜಾಲರಿ, ಒತ್ತುಗುಂಡಿ ಅಥವಾ ಡಯಲ್ ಮುಂದಿನ ಪಾರದರ್ಶಕ ಹಾಳೆ ಮಾತ್ರ ಬಾಗಿದೆಯೇ? ಒಂದೇ ರೇಡಿಯೋದಲ್ಲಿ ಮೂರು ನಾಲ್ಕು ಬಗೆಯ ಪ್ಲಾಸ್ಟಿಕ್ ಇರುವುದು ಮಾಮೂಲು. ಬಾಗಿದ ತುಂಡನ್ನು ಮುಚ್ಚಿದ ಡಬ್ಬದಲ್ಲಿ ಒಂದು ರಾತ್ರಿ ಇಟ್ಟು ಬೆಳಗ್ಗೆ ಮುಚ್ಚಳ ತೆಗೆದು ಮೂಸಿ.

ವಿನೆಗರ್ ಹುಳಿ ಬಂದರೆ ಸೆಲ್ಯುಲೋಸ್ ಅಸಿಟೇಟ್. ಅದು ಒಡೆಯುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ಮೇಲೆ ಬಿಳಿ ಬೂದಿಯಂಥದ್ದೂ ಕಾಣಬಹುದು, ಅದನ್ನು ಬೂಷ್ಟು ಅಂದುಕೊಳ್ಳಬೇಡಿ.

ಕರ್ಪೂರ ಬಂದರೆ ಸೆಲ್ಯುಲಾಯ್ಡ್. ನಿಜವಾಗಿ ಕರ್ಪೂರ ಬೆರೆಸಿಯೇ ಅದನ್ನು ಮೆತ್ತಗೆ ಮಾಡುತ್ತಿದ್ದರು. ಹಳೆಯ ಡಯಲ್ ಹಾಳೆಗಳಲ್ಲಿ ಸಿಗುತ್ತದೆ. ತುಂಡು ಹಳದಿ ತಿರುಗಿ, ಒಳಗೆ ಬಿರುಕಿನ ಬಲೆ ಬಿದ್ದು, ಅಂಟಂಟಾಗಿ, ಪಕ್ಕದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದ್ದರೆ ಅದು ಕೊಳೆಯತೊಡಗಿದೆ. ತೆಗೆದು ಬೇರೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಗಾಳಿಯಾಡುವ ತಂಪು ಜಾಗ ಬೇಕು. 40 ಡಿಗ್ರಿ ದಾಟುವ ವಿಜಯಪುರದ ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನ ಕೆಳಗೆ, ಒಲೆಯ ಹತ್ತಿರ, ದೇವರ ದೀಪದ ಪಕ್ಕ ಖಂಡಿತ ಬೇಡ.

ಎರಡನ್ನೂ ನೀವು ಮನೆಯಲ್ಲಿ ಗುಣಮಾಡಲಾರಿರಿ. ಅಳತೆ ತೆಗೆದು, ಫೋಟೋ ಹೊಡೆದು, ಅಕ್ರಿಲಿಕ್ ಹಾಳೆಯಲ್ಲಿ ಹೊಸದು ಕತ್ತರಿಸಿ ಹಾಕುವುದೇ ದಾರಿ.

ಕಪ್ಪು ನಾಬ್ ಹಸಿರುಗಂದು ತಿರುಗಿದೆ

ಉಜ್ಜಿ ಮೂಸಿದರೆ ಗಂಧಕದ ವಾಸನೆ? ಅದು ಎಬೊನೈಟ್, ಅಂದರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್. 1920ರ ದಶಕದ ಸೆಟ್‌ಗಳ ಫಲಕ, ನಾಬ್‌ಗಳಲ್ಲಿ ಇರುತ್ತಿತ್ತು. ಬಿಸಿನೀರು ತಾಕಿದರೆ ಬಣ್ಣ ಇನ್ನೂ ಕೆಡುತ್ತದೆ. ಒಣ ಬಟ್ಟೆ ಮಾತ್ರ.

ಜೇನಿನ ಬಣ್ಣ, ಬೆಳಕಿಗೆ ಹಿಡಿದರೆ ಒಳಗೆ ಹೊಳೆಯುತ್ತದೆ

ಕ್ಯಾಟಲಿನ್ ಇರಬಹುದು. ಬೇಕಲೈಟಿನ ಒಡಹುಟ್ಟೇ, ಆದರೆ ಮರದ ಪುಡಿ ಇಲ್ಲ. ಅಚ್ಚಿಗೆ ಸುರಿದು, ಆರಿದ ಮೇಲೆ ಕೈಯಲ್ಲಿ ಪಾಲಿಶ್ ಮಾಡುತ್ತಿದ್ದರು. ಬಿಳಿ ಇದ್ದದ್ದು ಕಾಲಕ್ರಮದಲ್ಲಿ ಬೆಣ್ಣೆ ಕಾಸಿದ ಬಣ್ಣಕ್ಕೆ ಬರುತ್ತದೆ, ನೀಲಿ ಹಸಿರಾಗುತ್ತದೆ. ಕುಗ್ಗುತ್ತದೆ, ವಾಲ್ವ್ ಶಾಖಕ್ಕೆ ಸೀಳುತ್ತದೆ. ಅಮೆರಿಕದ ಫಾಡಾ, ಎಮರ್ಸನ್ ಸೆಟ್‌ಗಳಲ್ಲಿ ಹೆಸರುವಾಸಿ. ನಮ್ಮ ಕಡೆ ಈ ಮಾಲನ್ನು ನಾನು ರೇಡಿಯೋದಲ್ಲಿ ನೋಡಿಲ್ಲ. ವಿಜಯಪುರದ ಗೆಳೆಯನ ಅಜ್ಜನ ತಸ್ಬಿ (ಜಪಮಾಲೆ) ಮಣಿಗಳಲ್ಲಿ ನೋಡಿದ್ದೇನೆ. ಮನೆಯವರು ಅದನ್ನು ಅಂಬರ್ ಅಂತಲೇ ನಂಬಿದ್ದರು, ನಾನು ಸುಮ್ನೆ ಇದ್ದುಬಿಟ್ಟೆ. ನಿಮ್ಮ ಹತ್ತಿರ ಇಂಥ ರೇಡಿಯೋ ಇದ್ದರೆ ಏನೂ ಉಜ್ಜಬೇಡಿ, ಸೆಟ್ ಹಚ್ಚಿ ಕಾಯಿಸಲೂಬೇಡಿ. ಬಲ್ಲವರನ್ನು ಕೇಳಿ.

ಇನ್ನೂ ಗೊತ್ತಾಗುತ್ತಿಲ್ಲ: ಉಪ್ಪುನೀರಿನ ಪರೀಕ್ಷೆ

ಡಬ್ಬಿಯಿಂದ ಮೊದಲೇ ಮುರಿದುಬಿದ್ದ ಚೂರು ಇದ್ದರೆ ಮಾತ್ರ. ಹೊಸದಾಗಿ ಮುರಿಯಬೇಡಿ. 100 ಮಿಲಿ ನೀರಿಗೆ ಸುಮಾರು 36 ಗ್ರಾಂ ಉಪ್ಪು, ಅಂದರೆ ತಳದಲ್ಲಿ ಕರಗದೆ ಸ್ವಲ್ಪ ಉಳಿಯುವ ತನಕ ಕಲಕಿ. ಚೂರಿಗೆ ಗಾಳಿಗುಳ್ಳೆ ಅಂಟದಂತೆ ಒದ್ದೆ ಮಾಡಿ ಹಾಕಿ. ಪಾಲಿಸ್ಟೈರಿನ್ ಮತ್ತು ಎಬಿಎಸ್ (ಬೆಲ್ಲದ ಜಾತಿಯ ಇನ್ನೊಂದು ಪ್ಲಾಸ್ಟಿಕ್) ತೇಲುತ್ತವೆ. ಬೇಕಲೈಟ್, ಕ್ಯಾಟಲಿನ್, ಯೂರಿಯಾ, ಅಸಿಟೇಟ್, ಸೆಲ್ಯುಲಾಯ್ಡ್ ಮುಳುಗುತ್ತವೆ. ಅಕ್ರಿಲಿಕ್ ತೇಲಲೋ ಮುಳುಗಲೋ ಅನ್ನುವ ಹಾಗೆ ಅನುಮಾನಿಸುತ್ತದೆ. ಸಾದಾ ನೀರಿನಲ್ಲಿ ಎಲ್ಲವೂ ಮುಳುಗುವುದರಿಂದ ಉಪ್ಪು ಬೇಕೇ ಬೇಕು. ನಾಬನ್ನು ಇಡಿಯಾಗಿ ಹಾಕಬೇಡಿ, ಒಳಗಿನ ಹಿತ್ತಾಳೆ ಬುಷ್ ಎಲ್ಲವನ್ನೂ ಮುಳುಗಿಸುತ್ತದೆ. ಒಂದು ನಿಮಿಷ ಸಾಕು, ತೆಗೆದು ತೊಳೆದು ಒಣಗಿಸಿ.

ಬಿರುಕು ಅಂಟಿಸುವ ಮೊದಲು

ರೊಟ್ಟಿ ಜಾತಿಗೆ ಎರಡು ಟ್ಯೂಬಿನ ಅರಾಲ್ಡೈಟ್ ಅಂಟು. ಕಂದು ಬಣ್ಣದ ಪುಡಿ ಚೂರು ಬೆರೆಸಿದರೆ ಗೆರೆ ಅಷ್ಟಾಗಿ ಕಾಣದು. ಒಳಗಡೆಯಿಂದ ಅಂಟಿಸಿ, ಟೇಪ್ ಹಾಕಿ, ಒಂದು ದಿನ ಮುಟ್ಟಬೇಡಿ. ಪಾಲಿಸ್ಟೈರಿನ್‌ಗೆ ಸೂಪರ್ ಗ್ಲೂ ಹಿಡಿಯುತ್ತದೆ, ಆದರೆ ಅದರ ಆವಿಗೆ ಸುತ್ತಲೂ ಬಿಳಿ ಮಬ್ಬು ಕೂರುತ್ತದೆ. ಕಡಿಮೆ ಹಾಕಿ, ಫ್ಯಾನ್ ಹಚ್ಚಿಡಿ. ಅಸಿಟೇಟ್ ಇನ್ನೂ ಕುಗ್ಗುತ್ತಲೇ ಇರುತ್ತದೆ. ಇವತ್ತು ಅಂಟಿಸಿದ್ದು ನಾಳೆ ಪಕ್ಕದಲ್ಲಿ ಬಿಡುತ್ತದೆ.

ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ

ಹಿಂದಿನ ಮುಚ್ಚಳ ತೆಗೆದಾಗ ವಯರಿನ ರಬ್ಬರ್ ಪುಡಿಪುಡಿಯಾಗಿ ಉದುರಿದರೆ. ಚಾಸಿ ಹಿಡಿದಿರುವ ಡಬ್ಬಿಯ ಕಾಲು ಮುರಿದಿದ್ದರೆ. ಹಚ್ಚಿದಾಗ ನಾಬಿನ ಹತ್ತಿರ ಜುಂ ಅಂದರೆ. ಯಾವುದಾದರೂ ತುಂಡು ಅಂಟಂಟಾಗಿ ಕರ್ಪೂರ ನಾರಿದರೆ.

ಎಷ್ಟೋ ಮನೆಗಳಲ್ಲಿ ಈ ಸೆಟ್‌ಗೆ ಬೆಲೆ ಕಟ್ಟುವುದು ಬೇರೆ ಲೆಕ್ಕದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದ ಒಬ್ಬ ಅಜ್ಜಿ ತಮ್ಮ ಸೆಟ್ ತಂದಿದ್ದರು. ಧಾರವಾಡ ಆಕಾಶವಾಣಿ ಕೇಳುತ್ತಿದ್ದ ರೇಡಿಯೋ. ಕಂದು ಬೇಕಲೈಟ್, ಒಂದು ಮೂಲೆ ಒಡೆದಿತ್ತು. "ಹೊಸದರಂಗ ಮಾಡಬ್ಯಾಡ್ರಿ, ಆ ಮೂಲಿ ಸಾಮಾನು ಸಾಗಿಸೂಮುಂದ ಒಡದದ್ದು. ಇರಲಿ" ಅಂದರು. ನಾನು ಆ ಮೂಲೆಯನ್ನು ಒಳಗಿನಿಂದ ಮಾತ್ರ ಗಟ್ಟಿ ಮಾಡಿ, ಚಾಸಿಗೆ ಬೆರಳು ತಾಕದಂತೆ ಮುಚ್ಚಿ, ಹಾಗೇ ವಾಪಸ್ ಕೊಟ್ಟೆ.